ಐಸ್ ಹಾಕಿ ತಂಡದ ನಮ್ಮ ಪೈಲ್ವಾನ

ಸ್ವೀಡನ್ನಿನ ಲುಲೆಯೊ ಊರಿನ ನಮ್ಮ ಆಫೀಸಿನ ಐಸ್ ಹಾಕಿ ತಂಡದಲ್ಲಿ ಮಂಗಳೂರು ಕಡೆಯ ಪೈಲ್ವಾನನೊಬ್ಬನಿದ್ದ. ಅವನು ಒಂದು ಗೋಲನ್ನೂ ಹೊಡೆದವನಲ್ಲ. ಆದರೂ ಅವನಿಲ್ಲದೆ ಐಸಿಗೆ ಇಳಿಯಲು ನಮಗೆ ಧೈರ್ಯವಿರಲಿಲ್ಲ.

ನಮ್ಮಲ್ಲಿ ಗೋಲು ಹೊಡೆಯಬಲ್ಲವಳು ಕ್ಯಾಪ್ಟನ್ ಒಬ್ಬಳೇ, ಬೆಂಗಳೂರಿನ ಕಡ್ಡಿಯಂಥ ಹುಡುಗಿ. ಯಾರಾದರೂ ಅವಳನ್ನು ಬೇಕೆಂದೇ ತಳ್ಳಿದರೆ ಇವನು ಹೆಲ್ಮೆಟ್ ಬಿಗಿದುಕೊಂಡು, "ಸ್ವಲ್ಪ ಮಾತಾಡಿ ಬರ್ತೇನೆ" ಎನ್ನುತ್ತಿದ್ದ. ಹಾಗೆಂದು ಹೊರಟವನು ಸೀದಾ ಹೋಗಿ, ಆ ಸ್ವೀಡಿಶ್ ದೈತ್ಯನನ್ನು ತಬ್ಬಿಕೊಂಡೇ ಗೋಡೆಗೆ ಅಪ್ಪಳಿಸುತ್ತಿದ್ದ. ರೆಫರಿ ಹೊರಗೆ ಕೂರಿಸಿದರೆ ಕೈಕಟ್ಟಿ ಕೂರುತ್ತಿದ್ದ. ಆಟ ಮುಗಿದ ಮೇಲೆ, ಫೀಕಾ ಎಂಬ ಅಲ್ಲಿನ ಕಾಫಿ ವಿರಾಮದ ಹೊತ್ತಿಗೆ, ಪೆಟ್ಟು ತಿಂದವನಿಗೆ ತಾನೇ ಕಾಫಿ, ಬನ್ನು ತಂದುಕೊಡುತ್ತಿದ್ದ. ಆ ವಿನಯ ಕಂಡು ಎದುರಾಳಿಗಳು ಇನ್ನಷ್ಟು ಹೆದರುತ್ತಿದ್ದರು. ಮತ್ತೆ ಯಾರೂ ಕ್ಯಾಪ್ಟನ್ ಹತ್ತಿರ ಸುಳಿಯುತ್ತಿರಲಿಲ್ಲ.

ಒಂದು ಪಂದ್ಯಕ್ಕೆ ಮುಂಚೆ ಅವನು ಕುಣಿಯುತ್ತಾ ಬಂದ.

"ಸ್ಕೇಟಿಗೆ ಬ್ರೇಕ್ ಹಾಕ್ಲಿಕ್ಕೆ ಕಲಿತೆ ಮಾರಾಯ್ರೆ! ಇನ್ನು ಯಾರಿಗೂ ಗುದ್ದುವುದಿಲ್ಲ."

"ಅಂದ್ರೆ ಇಷ್ಟು ದಿನ?" ಎಂದೆ ನಾನು.

"ಮಾತಾಡ್ಲಿಕ್ಕೇ ಹೋಗ್ತಾ ಇದ್ದದ್ದು. ನಿಲ್ಲಿಸ್ಲಿಕ್ಕೆ ಗೊತ್ತಿರ್ಲಿಲ್ಲ ಅಷ್ಟೆ."

ಕ್ಯಾಪ್ಟನ್ ಮುಖ ಬಿಳಿಚಿಕೊಂಡಿತು. ಎದುರಾಳಿಗಳ ಬೆಂಚಿನತ್ತ ಒಮ್ಮೆ ನೋಡಿ, ಅವನ ತೋಳು ಹಿಡಿದು ಪಿಸುಗುಟ್ಟಿದಳು:

"ಇದನ್ನ ಸ್ವೀಡಿಶ್‌ನಲ್ಲಿ ಮಾತ್ರ ಯಾರಿಗೂ ಹೇಳ್ಬೇಡ ಕಣೋ."