ಮೂರು ಊರಿನ ಸರ್ವರ್‌ಗಳು

ರೋಣ, ನರಗುಂದ, ಗಜೇಂದ್ರಗಡ. ಊರಿಗೊಂದರಂತೆ ನಮ್ಮ ಮೂವರು ಅಣ್ಣತಮ್ಮಂದಿರ ಫೋಟೋ ಸ್ಟುಡಿಯೋಗಳು. ಮದುವೆ ವಿಡಿಯೋಗಳು ಕಂಪ್ಯೂಟರಿನಲ್ಲಿ ಹಿಡಿಯದಾದಾಗ ಎಲ್ಲಿಡಬೇಕೆಂದು ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಕ್ಲೌಡ್‌ನಲ್ಲಿ ಜಾಗ ಬಾಡಿಗೆಗೆ ಹಿಡಿದು ನೋಡಿದೆ. ನಮ್ಮ ಇಂಟರ್ನೆಟ್ಟಿನಲ್ಲಿ ಒಂದು ಮದುವೆಯ ವಿಡಿಯೋ ಕ್ಲೌಡ್‌ಗೆ ಏರುವಷ್ಟರಲ್ಲಿ ಮದುಮಕ್ಕಳಿಗೆ ಮಗು ಹುಟ್ಟುವಂತಿತ್ತು. ಹಾಗೆಂದು ದೊಡ್ಡದೊಂದು ಸರ್ವರ್ ತಂದು ಎಲ್ಲವನ್ನೂ ಅದರಲ್ಲೇ ತುಂಬುವುದು ನನಗೆ ಬೇಡವಾಗಿತ್ತು. ಸಣ್ಣವು ಮೂರು ತಂದು ಊರಿಗೊಂದು ಇಟ್ಟೆ. ಮುಂದೆ ತುಂಬಿದರೆ ಪಕ್ಕದಲ್ಲಿ ಇನ್ನೊಂದು ಸೇರಿಸಿದರಾಯಿತು. ವಾರಕ್ಕೊಮ್ಮೆ ಬಸ್ಸಿನಲ್ಲಿ ಡಿಸ್ಕ್ ಒಯ್ದು ಒಂದರಲ್ಲಿದ್ದದ್ದನ್ನು ಉಳಿದೆರಡಕ್ಕೂ ಹಾಕುತ್ತಿದ್ದೆ. ಒಂದೂರಿನ ಅಂಗಡಿಗೆ ಬೆಂಕಿ ಬಿದ್ದರೂ ಜನರ ಮದುವೆಗಳು ಉಳಿಯಬೇಕು, ಅಷ್ಟೇ.

ಖಂಡೇನವಮಿಯಂದು ದುಡಿಯುವ ಸಾಮಾನಿಗೆಲ್ಲ ಪೂಜೆ. ಹಿಂದಿನ ದಿನ ಲಕ್ಕಲಕಟ್ಟಿ ಹಳ್ಳಿಯಲ್ಲಿ ಬಸುರಿಯೊಬ್ಬಳ ಕುಬಸದ ಶೂಟಿಂಗ್ ಮುಗಿಸಿ ಅಲ್ಲೇ ಉಳಿದವನು, ಅಲ್ಲಿಂದಲೇ ಗಜೇಂದ್ರಗಡದ ಹಿರಿಯಣ್ಣನ ಮನೆಗೆ ಬಂದೆ. ಪಡಸಾಲೆಯಲ್ಲಿ ಕ್ಯಾಮೆರಾಗಳ ನಡುವೆ ಮೂರೂ ಸರ್ವರ್‌ಗಳು ಚೆಂಡುಹೂವಿನ ಹಾರ ಹಾಕಿಕೊಂಡು ಸಾಲಾಗಿ ಕೂತಿದ್ದವು.

"ಇವನ್ನ ಯಾರು ತಂದ್ರು ವೈನಿ?" ಎಂದು ಅಣ್ಣನ ಹೆಂಡತಿಯನ್ನು ಕೇಳಿದೆ.

"ನಾನ ಟ್ರ್ಯಾಕ್ಟರದಾಗ ತರಿಸೇನಿ. ಒಂದ ಮನಿ ಸಾಮಾನಿಗೆ ಮೂರ್ ಕಡೆ ಪೂಜಿ ಮಾಡಿದ್ರ ಮನಿ ಒಡೀತೈತಿ."

"ಬೆಂಕಿ ಬಿದ್ರ ಎಲ್ಲಾ ಒಮ್ಮೆಲೆ ಹೋಗಬಾರ್ದಂತ ಬ್ಯಾರೆ ಬ್ಯಾರೆ ಇಟ್ಟಿದ್ನಿ."

"ದೇವರ ಮುಂದ ಬೆಂಕಿ ಯಾಕ ಬೀಳತೈತಿ?" ಎನ್ನುತ್ತ ವೈನಿ, ಉರಿಯುವ ಕರ್ಪೂರದ ತಟ್ಟೆಯನ್ನು ಮೂರರ ಮೇಲೂ ಒಂದೇ ಸುತ್ತಿನಲ್ಲಿ ಬೆಳಗಿದರು.