ಪಟಾಕಿಗೆ ಹೆದರುತ್ತಿದ್ದ ಟೀಚರ್

ಚಾಮರಾಜಪೇಟೆಯಲ್ಲಿ ನಮ್ಮ ಎದುರು ಮನೆಯಲ್ಲಿದ್ದ ನಿವೃತ್ತ ಟೀಚರ್ ಎಲ್ಲದಕ್ಕೂ ಹೆದರುತ್ತಿದ್ದರು. ಬೀಗ ಹಾಕಿ ಮೂರು ಸಲ ಜಗ್ಗಿ ನೋಡುವರು. ಅರ್ಧ ದಾರಿಗೆ ಹೋದವರು ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ವಾಪಸು ಬರುವರು. ಮಾತು ಶುರುವಾಗುತ್ತಿದ್ದುದೂ ಮುಗಿಯುತ್ತಿದ್ದುದೂ "ನಂಗೆ ಭಯ ಕಣಮ್ಮ" ಎಂದೇ. ದೀಪಾವಳಿಯ ಮೂರು ದಿನವಂತೂ ಕಿಟಕಿಗಳನ್ನೆಲ್ಲ ಮುಚ್ಚಿ, ಕಿವಿಗೆ ಹತ್ತಿ ತುರುಕಿಕೊಂಡು ಒಳಗೇ ಇರುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು. ಅಮ್ಮ ಮಾತ್ರ ಹಬ್ಬದ ಅಡುಗೆಯನ್ನು ಅವರ ಬಾಗಿಲಿಗೇ ಕೊಟ್ಟು ಬರುತ್ತಿದ್ದಳು.

ಅಮ್ಮ ತೀರಿಕೊಂಡ ವರ್ಷ ಆ ಹಬ್ಬಕ್ಕೆ ನಾನೂ ಹೆದರಿದೆ. ನರಕ ಚತುರ್ದಶಿಯ ಬೆಳಿಗ್ಗೆ ಎಣ್ಣೆ ಬಟ್ಟಲು ಹಿಡಿದು ನನ್ನನ್ನು ಎಬ್ಬಿಸುತ್ತಿದ್ದವಳು ಅವಳು. ಈಗ ಎಚ್ಚರವಾಗಿದ್ದರೂ ಮುಸುಕು ತೆಗೆಯಲು ಧೈರ್ಯವಾಗಲಿಲ್ಲ. ತೆಗೆದರೆ ಅವಳಿಲ್ಲ ಎಂಬುದು ಖಚಿತವಾಗಿಬಿಡುತ್ತಿತ್ತು.

ಆಗ ಬೆಲ್ ಆಯಿತು. ಬಾಗಿಲಲ್ಲಿ ಟೀಚರ್. ಅವರ ಹಿಂದೆ ರಸ್ತೆಯಲ್ಲಿ ಸರಪಟಾಕಿ ಸಿಡಿಯುತ್ತಿತ್ತು. ಕೈಯಲ್ಲಿದ್ದ ಬಟ್ಟಲಿನ ಅರ್ಧ ಎಣ್ಣೆ ಸೆರಗಿನ ಮೇಲೆ ಚೆಲ್ಲಿತ್ತು. ಒಂದು ಕಿವಿಯ ಹತ್ತಿ ಎಲ್ಲೋ ಬಿದ್ದುಹೋಗಿತ್ತು.

"ಈ ವರ್ಷ ನಮ್ಮನೇಲಿ ಹಬ್ಬ ಇಲ್ಲ ಟೀಚರ್" ಎಂದೆ.

"ಗೊತ್ತಮ್ಮ. ಹಬ್ಬ ಬೇಡ. ತಲೆಗೆ ಒಂಚೂರು ಎಣ್ಣೆ ಇಟ್ಟು ಹೋಗ್ತೀನಿ. ಬೇಗ ಕೂತ್ಕೋ, ನಂಗೆ ಭಯ."

ಕೂತೆ. ನೆತ್ತಿಗೆ ಬೆಚ್ಚಗಿನ ಎಣ್ಣೆ ತಟ್ಟತೊಡಗಿದರು. ಗೇಟಿನ ಬಳಿಯೇ ಒಂದು ಆಟಂ ಬಾಂಬ್ ಸಿಡಿಯಿತು. ಟೀಚರ್ ಚೀರಿದರು. ಆದರೆ ಆ ಎಣ್ಣೆಗೈಗಳು ಗಟ್ಟಿಯಾಗಿ ಮುಚ್ಚಿದ್ದು ನನ್ನ ಕಿವಿಗಳನ್ನು.