ಅರ್ಜಿಯಲ್ಲಿ ಶಿವದೇವಿಗೆ ಜಾಗವಿರಲಿಲ್ಲ

"ಅಮ್ಮಾ, ಶಿವದೇವಿ ಅತ್ತಿ ಕೈಕಾಲು ನೆಟ್ಟಗ ಅದಾವಲ್ಲ, ಮತ್ತ ಅಂಗವಿಕಲರ ಓಟದಾಗ ಯಾಕ ಓಡ್ತಾಳ?"

ಐದು ವರ್ಷದ ಪಿಂಕಿಯ ಜಡೆ ಹೆಣೆಯುತ್ತಿದ್ದ ಸಂಪದಾ, "ಆಕಿ ಬ್ಯಾನಿ ತಲ್ಯಾಗ ಐತವ್ವ, ಹೊರಗ ಕಾಣೂದಿಲ್ಲ" ಎಂದಳು.

"ತಲೀಗೆ ಪಟ್ಟಿ ಕಟ್ಟಿಲ್ಲಲ್ಲ?"

ಸಂಪದಾ ರಿಬ್ಬನ್ ಬಿಗಿದು ಮಗಳನ್ನು ಶಾಲೆಗೆ ಹೊರಡಿಸಿದಳು.

ಶಿವದೇವಿ ತೆಲುಗು ನಾಡಿನ ನಾಚಾರಂ ಬಡಾವಣೆಯಲ್ಲಿ, ಸಂಪದಾ ಇದ್ದ ಗಲ್ಲಿಯಲ್ಲೇ, ಎದುರು ಮನೆಯ ಮಾಳಿಗೆಯ ಕೋಣೆಯಲ್ಲಿ ತಾಯಿ ಗುಂಡಮ್ಮನ ಜೊತೆಗಿದ್ದಳು. ಇಪ್ಪತ್ತಾರು ವರ್ಷ. ಬಾಟಲಿ ಮುಚ್ಚಳದ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಯಾದಗಿರಿಯ ಶಾಲೆಯಲ್ಲಿದ್ದಾಗ ನಾನೂರು ಮೀಟರ್ ಓಟದಲ್ಲಿ ಅವಳನ್ನು ಹಿಡಿಯುವವರಿರಲಿಲ್ಲವಂತೆ. ಹತ್ತೊಂಬತ್ತಕ್ಕೆ ಕಿವಿಯಲ್ಲಿ ಯಾರೋ ಮಾತಾಡತೊಡಗಿದರು. ಗುಳಿಗೆಗಳು ಆ ದನಿಗಳನ್ನು ಅಡಗಿಸಿದವು, ಮೈಯನ್ನೂ ಭಾರ ಮಾಡಿದವು. ಆದರೂ ಕಾರ್ಖಾನೆಗೆ ಹೋಗುವ ಮುಂಚೆ ದಿನಾ ಓಡುತ್ತಿದ್ದಳು.

ಮಾನಸಿಕ ಕಾಯಿಲೆಯೂ ಅಂಗವೈಕಲ್ಯವೆಂದು ಸರ್ಕಾರ ಅವಳಿಗೆ ಸರ್ಟಿಫಿಕೇಟು ಕೊಟ್ಟಿತ್ತು. ಅದನ್ನು ನಂಬಿ ಒಂದು ಸಂಘದ ಕ್ರೀಡಾಕೂಟದ ಅರ್ಜಿ ತಂದಳು. ತುಂಬಿದವಳು ಸಂಪದಾ. ಕೈಕಾಲು, ಕಣ್ಣು, ಕಿವಿ, ಬುದ್ಧಿಮಾಂದ್ಯ, ಅಷ್ಟೇ, ನಾಲ್ಕೇ ಚೌಕ. ಇದೂ ತಲೆಯದೇ ಅಲ್ಲವೇ ಎಂದು ನಾಲ್ಕನೆಯದಕ್ಕೆ ಗುರುತು ಹಾಕಿದಳು.

ಕೂಟದ ದಿನ ಬಸ್ಸಿನಲ್ಲಿ ಮೆಲ್ಲಗೆ ಹೇಳಿಯೂ ಕೊಟ್ಟಳು: "ಏನರ ಲೆಕ್ಕ ಕೇಳಿದ್ರ ಜರಾ ತಡದು ಹೇಳು."

"ಪೆದ್ದಿ ಹಂಗ ನಿಲ್ಲಲೇನ್ರಿ ಅಕ್ಕಾರ? ಜೊಲ್ಲೂ ಸುರಿಸಲೇನು?" ಎಂದು ಶಿವದೇವಿ ನಕ್ಕಳು. ಆಮೇಲೆ ಇಳಿಯುವವರೆಗೂ ಕಿಟಕಿ ಕಡೆ ಮುಖ ಮಾಡಿ ಕೂತಳು.

ಮೈದಾನದ ಮೇಜಿನ ಹಿಂದೆ ಕೂತಿದ್ದಾತ ತೆಲುಗಿನಲ್ಲಿ ಕೇಳಿದ, ನೂರರಲ್ಲಿ ಮೂವತ್ತೇಳು ಹೋದರೆ ಎಷ್ಟು? ಸಂಪದಾ ಅವಳ ಮೊಣಕೈ ಒತ್ತಿದಳು.

"ಅರವತ್ಮೂರು," ಎಂದಳು ಶಿವದೇವಿ ತೆಲುಗಿನಲ್ಲೇ, ಕಣ್ಣು ಮಿಟುಕಿಸುವಷ್ಟರಲ್ಲಿ. "ಸರ್, ನಂಗ ಬುದ್ಧಿ ಬರೋಬ್ಬರಿ ಐತಿ. ಬ್ಯಾನಿ ಬ್ಯಾರೇದು. ಸರ್ಟಿಫಿಕೇಟು ಓದ್ರಿ."

ಅವನು ಎರಡು ಸಲ ಓದಿದ. "ಇದಕ್ಕೆ ನಮ್ಮಲ್ಲಿ ವಿಭಾಗವೇ ಇಲ್ಲಮ್ಮ. ಪಟ್ಟಿ ಮೇಲಿಂದ ಬರುತ್ತೆ, ನಾನೇನು ಮಾಡಲಿ? ಎಲ್ಲರ ಜೊತೆ ಓಡು" ಎಂದು ಹೆಸರಿನ ಮೇಲೆ ಗೆರೆ ಎಳೆದ.

ಸಾಲಿನಲ್ಲಿ ಹಿಂದೆ ಮಗಳ ಕೈ ಹಿಡಿದು ನಿಂತಿದ್ದ ಹೆಂಗಸು ಹಿಂದಿಯಲ್ಲಿ ಸಿಡುಕಿದಳು: "ನಮ್ಮ ಮಕ್ಕಳಿಗೆ ಸಿಗೋದೇ ಇದೊಂದು. ಅದನ್ನೂ ಕಸಿಯೋಕೆ ಬಂದ್ರಾ?"

ಸಂಪದಾಳಿಗೆ ಮುಖ ಎತ್ತಲಾಗಲಿಲ್ಲ. ಗುರುತು ಹಾಕಿದ ಕೈ ತನ್ನದು, ಬೈಗುಳ ಶಿವದೇವಿಗೆ. "ತಪ್ಪು ನಂದ್ರಿ" ಎಂದಳು. ಆ ಹೆಂಗಸು ಅಷ್ಟರಲ್ಲೇ ಮಗಳನ್ನು ಮೇಜಿನ ಮುಂದೆ ನಿಲ್ಲಿಸಿದ್ದಳು.

ವಾಪಸು ಬರುವಾಗ ಬಸ್‌ಸ್ಟಾಪಿನಲ್ಲಿ ಶಿವದೇವಿ ಬೂಟಿನ ಲೇಸು ಬಿಚ್ಚುತ್ತ ಹೇಳಿದಳು: "ಮುಂದಿನ ತಿಂಗಳು ಎಲ್ಲಾರಿಗೂ ಒಂದು ಓಟ ಐತ್ರಿ. ಹೆಸರು ಕೊಡ್ತೀನಿ. ಆದ್ರ ಈ ಮೈ ಹೊತ್ಕೊಂಡು ಅವರ ಜೋಡಿ ಹ್ಯಾಂಗ ಓಡ್ಲಿ? ಗುಳಿಗಿ ಬಿಟ್ರ ಹದಿನೈದು ದಿನದಾಗ ಹಗುರ ಆಗ್ತೀನಿ."

ಸಂಪದಾಳಿಗೆ ಹಿಂದಿನದು ನೆನಪಾಯಿತು. ಎರಡು ವರ್ಷದ ಹಿಂದೆ ಹಾಗೆ ಬಿಟ್ಟಾಗ ಮೂರನೆಯ ದಿನ ಶಿವದೇವಿ ಸಿಕ್ಕಿದ್ದು ಕೋಠಿ ಪೇಟೆಯ ಸಂದಣಿಯಲ್ಲಿ, ಬರಿಗಾಲಲ್ಲಿ, ಯಾರ ಗುರುತೂ ಹಿಡಿಯದೆ. "ಹುಚ್ಚಿ ಹಂಗ ಮಾತಾಡಬ್ಯಾಡ" ಎಂದು ಬಾಯಿಗೆ ಬಂದದ್ದನ್ನು ಅರ್ಧಕ್ಕೇ ನುಂಗಿದಳು.

"ಬಿಡಬಾರದು ಅನ್ನೂದು ನಂಗೂ ಗೊತ್ತೈತಿ," ಎಂದಳು ಶಿವದೇವಿ. "ಆದ್ರ ಗುಳಿಗಿ ನುಂಗೀನಿ ಅಂತ ಅವ್ವಗ ಸುಳ್ಳು ಹೇಳೂದು ಭಾಳ ಸಸಾರ ನಂಗ. ಅದಕ್ಕ ಒಂದು ಉಪಕಾರ ಮಾಡ್ರಿ ಅಕ್ಕಾರ. ಓಟ ಮುಗಿಯೂತನಕ ಗುಳಿಗಿ ನಿಮ್ಮ ಮನ್ಯಾಗ ಇಟ್ಕೋರಿ. ದಿನಾ ಸಂಜೀಕ ಬರ್ತೀನಿ. ಬರಲಿಲ್ಲಂದ್ರ ನೀವೇ ಮಾಳಗಿ ಹತ್ತಿ ಬರ್ರಿ. ನಾ ಎಷ್ಟು ಬೈದ್ರೂ ಎದುರಿಗೆ ನುಂಗಿಸಿ, ನಾಲಿಗಿ ಎತ್ತಿಸಿ ನೋಡ್ರಿ."